ಸಿಸ್ಟರ್ ಮಗಳ ಹಲ್ಲು

ಆ ಹಲ್ಲಿನ ಕ್ಲಿನಿಕ್ಕಿಗೆ ಬರುವವರು ಡಾಕ್ಟರಮ್ಮನಿಗಿಂತ ಸಿಸ್ಟರಿಗೇ ಹೆಚ್ಚು ಹೆದರುತ್ತಿದ್ದರು. ಡಾಕ್ಟರಮ್ಮ ಅರವತ್ತು ದಾಟಿದ ಮೆತ್ತನೆಯ ಮಾತಿನ ಹೆಂಗಸು. ಹಲ್ಲು ಕೀಳುವ ಮುಂಚೆ ರೋಗಿಯ ಕೆನ್ನೆ ತಟ್ಟಿ, 'ಸ್ವಲ್ಪ ನೋಯುತ್ತೆ, ಬೇಜಾರು ಮಾಡ್ಕೋಬೇಡಿ' ಅನ್ನುವವರು. ಸಿಸ್ಟರ್ ಹಾಗಲ್ಲ. ಹನ್ನೊಂದು ವರ್ಷದಿಂದ ಅಲ್ಲೇ ಇದ್ದವಳು. ಸಲಕರಣೆ ತೊಳೆದು ಕುದಿಸುವುದು, ಹಲ್ಲಿಗೆ ತುಂಬುವ ಸಿಮೆಂಟು ಕಲಸುವುದು, ಬಾಯಿಯ ನೀರು ಹೀರುವ ಕೊಳವೆ ಹಿಡಿಯುವುದು, ಕಾರ್ಡು ಬರೆಯುವುದು, ಎಲ್ಲಾ ಅವಳ ಪಾಲು. ಇದರ ಜೊತೆಗೆ ಯಾರೂ ಹೇಳದೆ ತಾನೇ ಹೆಗಲಿಗೇರಿಸಿಕೊಂಡ ಇನ್ನೊಂದು ಕೆಲಸವಿತ್ತು, ತಾಯಂದಿರಿಗೆ ಬುದ್ಧಿ ಹೇಳುವುದು.

"ಬಿದ್ದುಹೋಗೋ ಹಲ್ಲು ತಾನೇ ಅಂತ ಉದಾಸೀನ ಮಾಡ್ತೀರಿ. ಬಾಡಿಗೆ ಮನೆ ಅಂತ ಯಾರಾದ್ರೂ ಕಸ ಗುಡಿಸದೆ ಬಿಡ್ತಾರಾ?" ಎಂದು ಶುರುಮಾಡಿದಳೆಂದರೆ ಕಾಯುವ ಕೋಣೆಯ ಬೆಂಚಿನ ಮೇಲಿದ್ದ ತಾಯಂದಿರೆಲ್ಲ ತಮ್ಮ ತಮ್ಮ ಮಕ್ಕಳ ಬಾಯಿ ಮುಚ್ಚಿಸುತ್ತಿದ್ದರು. ಒಮ್ಮೆ ಇಸ್ತ್ರಿ ಅಂಗಡಿಯ ಹೆಂಗಸೊಬ್ಬಳು ಮೂರು ವರ್ಷದ ಮಗುವನ್ನು ಕರೆತಂದಿದ್ದಳು. ಮುಂದಿನ ಹಲ್ಲುಗಳೆಲ್ಲ ಕಪ್ಪು. ಮಲಗುವಾಗ ಸಕ್ಕರೆ ಹಾಲಿನ ಬಾಟಲಿ ಬಾಯಿಗಿಟ್ಟು ಬಿಟ್ಟರೆ ಆಗುವ ಹುಳುಕು ಅದು. ಸಿಸ್ಟರ್ ಎಲ್ಲರೆದುರಿಗೇ, "ನೀವು ಇದರ ತಾಯಿನಾ, ಶತ್ರುನಾ?" ಎಂದು ಕೇಳಿಬಿಟ್ಟಳು. ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡು ಮಗುವನ್ನೆತ್ತಿಕೊಂಡು ಹೋದಳು. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಅಂತಾರಲ್ಲ, ಸಿಸ್ಟರಿನ ಮಗಳ ಬಾಯಿ ನೋಡಿದ್ದರೆ ಆ ಹೆಂಗಸು ಅಷ್ಟು ಅಳುತ್ತಿರಲಿಲ್ಲ.

ಮಗಳನ್ನು ಮನೆಯಲ್ಲಿ ಕರೆಯುತ್ತಿದ್ದದ್ದು ಗುಬ್ಬಿ ಅಂತ. ಆರು ವರ್ಷ. ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲುಗಳು ಉರಿದು ಆರಿದ ಬೆಂಕಿಕಡ್ಡಿಯ ತುದಿಗಳ ಹಾಗೆ ಕರಕಲಾಗಿ ಅರ್ಧಕ್ಕೆ ನಿಂತಿದ್ದವು. ಗುಬ್ಬಿ ಎಂಟು ತಿಂಗಳ ಕೂಸಾಗಿದ್ದಾಗ ಸಿಸ್ಟರ್ ಕೆಲಸಕ್ಕೆ ಮರಳಿದ್ದಳು. ಪಕ್ಕದ ಮನೆಯ ಅಜ್ಜಿ ಮಗುವನ್ನು ನೋಡಿಕೊಳ್ಳುತ್ತಿದ್ದರು. ಬಾಟಲಿ ಕೊಟ್ಟರೆ ಮಗು ಸುಮ್ಮನಾಗುತ್ತಿತ್ತು, ಸಕ್ಕರೆ ಹಾಕಿದರೆ ಬೇಗ ಸುಮ್ಮನಾಗುತ್ತಿತ್ತು. ಸಕ್ಕರೆ ಹಾಕಿದ್ದು ಅಜ್ಜಿಯಲ್ಲ. ಬೆಳಿಗ್ಗೆ ಬಾಟಲಿ ತುಂಬಿಸಿಟ್ಟು ಹೋಗುತ್ತಿದ್ದವಳು ಸಿಸ್ಟರೇ. ಸಂಜೆ ಬಂದು ಅಡುಗೆಗೆ ನಿಂತಾಗ ಮತ್ತೊಂದು ಬಾಟಲಿ. ಗೊತ್ತಿಲ್ಲದೆ ಮಾಡಿದ್ದಲ್ಲ. ಇದರಿಂದ ಏನಾಗುತ್ತದೆಂದು ಅವಳಷ್ಟು ಚೆನ್ನಾಗಿ ಬಲ್ಲವರು ಆ ಬೀದಿಯಲ್ಲೇ ಇರಲಿಲ್ಲ. ಇವತ್ತೊಂದು ದಿನ, ನಾಳೆಯಿಂದ ಇಲ್ಲ ಎಂದುಕೊಳ್ಳುತ್ತಲೇ ಎರಡು ವರ್ಷ ಕಳೆಯಿತು. ಮೊದಲ ಬಿಳಿ ಕಲೆ ಕಂಡ ದಿನ ಡಾಕ್ಟರಮ್ಮನಿಗೆ ತೋರಿಸಿದ್ದರೆ ಉಳಿಯುತ್ತಿತ್ತೋ ಏನೋ. ಯಾವ ಮುಖ ಹೊತ್ತು ತೋರಿಸುವುದು ಎಂದು ಮುಂದೂಡಿದಳು. ಕಲೆ ಕಂದಾಯಿತು, ಕಂದು ಕಪ್ಪಾಯಿತು. ಆಮೇಲೆ ತೋರಿಸುವ ಮಾತೇ ಇರಲಿಲ್ಲ.

ಡಾಕ್ಟರಮ್ಮ ಆಗಾಗ ಕೇಳುತ್ತಿದ್ದರು. "ನಿನ್ನ ಮಗಳನ್ನ ಒಂದ್ಸಲ ಕರ್ಕೊಂಡು ಬಾರಮ್ಮ. ನಾನೂ ನೋಡ್ಬೇಕು."

"ಅವಳು ಊರಲ್ಲಿ ಅಜ್ಜಿ ಮನೇಲಿ ಓದ್ತಾಳೆ ಡಾಕ್ಟರಮ್ಮ. ರಜಾದಲ್ಲಿ ಬರ್ತಾಳೆ."

ಇಂಥ ಸುಳ್ಳು ಒಂದು ಸಲ ಬಾಯಿಂದ ಬಿದ್ದರೆ ಸಾಕು, ಆಮೇಲೆ ಅದನ್ನು ಸಾಕುತ್ತಲೇ ಇರಬೇಕು. ರಜ ಬಂದರೆ ಅಜ್ಜಿಗೆ ಹುಷಾರಿಲ್ಲ, ಮುಂದಿನ ರಜಕ್ಕೆ ಮಗಳಿಗೇ ಜ್ವರ. ಸಿಸ್ಟರ್ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದಳು. ಆರು ತುಂಬಿದರೆ ಕೆಳಗಿನ ಹಲ್ಲು ಬೀಳುತ್ತವೆ, ಏಳಕ್ಕೆ ಮೇಲಿನವು. ಆ ಕರಕಲು ನಾಲ್ಕು ಉದುರಿ ಹೊಸವು ಬಂದುಬಿಟ್ಟರೆ ಸಾಕ್ಷಿಯೇ ಇರುವುದಿಲ್ಲ. ಬೇರೆ ತಾಯಂದಿರು ಮಕ್ಕಳ ಹಾಲುಹಲ್ಲು ಬಿದ್ದಾಗ ಹಿಗ್ಗುತ್ತಾರೆ. ಇವಳು ಜೈಲಿನಿಂದ ಬಿಡುಗಡೆಯ ದಿನ ಎಣಿಸುವವಳ ಹಾಗೆ ಎಣಿಸುತ್ತಿದ್ದಳು.

ಅಲ್ಲಿಯವರೆಗೆ ಗುಬ್ಬಿಗೆ ಒಂದು ಪಾಠ ಕಲಿಸಿದ್ದಳು. "ರಾಣಿಯರು ಬಾಯಿ ಮುಚ್ಕೊಂಡೇ ನಗ್ತಾರೆ." ಗುಬ್ಬಿ ಕಲಿತಳು. ಯಾರಾದರೂ ಫೋಟೊ ತೆಗೆಯಬಂದರೆ ತುಟಿ ಬಿಗಿದು ಕಣ್ಣಲ್ಲಿ ಮಾತ್ರ ನಗುತ್ತಿದ್ದಳು.

ಗಂಡ ಸೋಫಾಗಳಿಗೆ ಹೊದಿಕೆ ಹೊಲಿದು ಮೊಳೆ ಹೊಡೆಯುವ ಕಾರ್ಖಾನೆಯಲ್ಲಿದ್ದ. ತುಟಿಯ ನಡುವೆ ಸಣ್ಣ ಮೊಳೆಗಳನ್ನು ಕಚ್ಚಿಕೊಂಡು ಕೆಲಸ ಮಾಡಿ ಮಾಡಿ ಮನೆಯಲ್ಲೂ ಮಾತು ಕಮ್ಮಿ. ಅವನು ಎರಡು ಮೂರು ಸಲ ಹೇಳಿ ನೋಡಿದ್ದ. "ಊರಿನವರ ಬಾಯೆಲ್ಲಾ ನೋಡ್ತೀಯ. ನಮ್ಮ ಮಗೂದು ಒಂದು ತೋರಿಸೋದಕ್ಕೆ ಏನು? ನಿಮ್ಮ ಡಾಕ್ಟರಮ್ಮ ನುಂಗಿಬಿಡ್ತಾರಾ?"

"ನಿಮಗೆ ಗೊತ್ತಾಗಲ್ಲ ಸುಮ್ನಿರಿ."

ಶಾಲೆಗೆ ಬಿಡುವುದು, ಪೋಷಕರ ಸಭೆಗೆ ಹೋಗುವುದು, ಟೀಚರಿನ ಕೈಲಿ ಬೈಸಿಕೊಳ್ಳುವುದು ಎಲ್ಲಾ ಅವನೇ ಮಾಡುತ್ತಿದ್ದ. ಕ್ಲಿನಿಕ್ಕಿನ ಹೊತ್ತು ಹೊಂದುವುದಿಲ್ಲ ಎಂದು ಸಿಸ್ಟರ್ ಒಮ್ಮೆಯೂ ಆ ಶಾಲೆಯ ಗೇಟು ದಾಟಿರಲಿಲ್ಲ.

ಒಂದು ಸೋಮವಾರ ಡಾಕ್ಟರಮ್ಮ ಟೀ ಕುಡಿಯುತ್ತಾ, "ಬುಧವಾರ ಶಾಲೇಲಿ ಹಲ್ಲಿನ ತಪಾಸಣೆ ಇದೆ, ಒಪ್ಕೊಂಡಿದೀನಿ. ನೂರೈವತ್ತು ಮಕ್ಕಳು. ಬೆಳಿಗ್ಗೆ ಏಳಕ್ಕೇ ಹೊರಡೋಣ," ಅಂದರು. ಯಾವ ಶಾಲೆ ಎಂದು ಸಿಸ್ಟರ್ ಕೇಳಿದಳು, ಡಾಕ್ಟರಮ್ಮ ಹೆಸರು ಹೇಳಿದರು. ಅದು ಗುಬ್ಬಿಯ ಶಾಲೆ.

ಮಂಗಳವಾರ ಮನೆಯಲ್ಲಿ ಗಂಡನಿಗೆ ಹೇಳಿದಳು. "ನಾಳೆ ಗುಬ್ಬೀನ ಶಾಲೆಗೆ ಕಳಿಸಬೇಡಿ. ಒಂದು ದಿನ ರಜ ಹಾಕಿ ಮನೇಲಿರಿ." ಅವನು ಹೂಂ ಅಂದ. ಬುಧವಾರ ಬೆಳಕು ಹರಿಯುತ್ತಲೇ ಸಿಸ್ಟರ್ ಕನ್ನಡಿಗಳ ಪೆಟ್ಟಿಗೆ, ಟಾರ್ಚು, ಕಾರ್ಡುಗಳ ಕಟ್ಟು ಹೊತ್ತು ಹೊರಟಳು. ಎಂಟೂವರೆಗೆ ಕಾರ್ಖಾನೆಯಿಂದ ಗಂಡನಿಗೆ ಫೋನು ಬಂತು. ಲಾರಿ ಬಂದು ನಿಂತಿದೆ, ಸೋಫಾ ತುಂಬಿಸಬೇಕು, ತಕ್ಷಣ ಬಾ. ಪಕ್ಕದ ಮನೆಯ ಅಜ್ಜಿ ತೀರಿಕೊಂಡು ವರ್ಷವಾಗಿತ್ತು. ಆರು ವರ್ಷದ ಮಗುವನ್ನು ಒಂಟಿಯಾಗಿ ಬಿಡುವುದಕ್ಕಾಗುತ್ತದೆಯೇ? ಅವನು ಗುಬ್ಬಿಗೆ ಸಮವಸ್ತ್ರ ತೊಡಿಸಿ ಶಾಲೆಗೆ ಬಿಟ್ಟು ಹೋದ. ಹೆಂಡತಿಗೆ ಫೋನು ಮಾಡಿದ. ಫೋನು ಅವಳ ಚೀಲದಲ್ಲಿತ್ತು, ಚೀಲ ಮುಖ್ಯೋಪಾಧ್ಯಾಯರ ಕೋಣೆಯಲ್ಲಿತ್ತು.

ಹೀಗಾಗಿ ಹತ್ತು ಗಂಟೆಯ ಹೊತ್ತಿಗೆ ಶಾಲೆಯ ಚಿತ್ರಕಲೆಯ ಕೋಣೆಯಲ್ಲಿ ಒಂದನೇ ತರಗತಿಯ ಸಾಲು ಬಂದಾಗ, ಕಾರ್ಡಿನಿಂದ ತಲೆಯೆತ್ತಿದ ಸಿಸ್ಟರಿಗೆ ಐದನೆಯವಳಾಗಿ ನಿಂತ ತನ್ನ ಮಗಳು ಕಂಡಳು.

ಗುಬ್ಬಿಯೂ ನೋಡಿದಳು. ಬಿಳಿ ಕೋಟು ತೊಟ್ಟ ಅಮ್ಮ, ತನ್ನ ಶಾಲೆಯಲ್ಲಿ. ಮುಖ ಅರಳಿತು. ರಾಣಿಯ ನಗು ಮರೆತು ಪೂರಾ ಬಾಯಿ ತೆರೆದು ನಕ್ಕಳು, ಪಕ್ಕದ ಹುಡುಗಿಯ ಕೈ ಎಳೆದು ಏನೋ ಹೇಳುವುದಕ್ಕೆ ಹೊರಟಳು.

ಸಿಸ್ಟರ್ ತಲೆಯಾಡಿಸಿದಳು. ಇಷ್ಟೇ ಇಷ್ಟು. ಪಕ್ಕದಲ್ಲಿದ್ದ ಡಾಕ್ಟರಮ್ಮನಿಗೂ ಕಾಣದಷ್ಟು. ಕಣ್ಣಿನಲ್ಲೇ 'ಬೇಡ' ಅಂದಳು.

ಮಕ್ಕಳಿಗೆ ಅಕ್ಷರ ಓದಲು ಬರುವ ಮುಂಚೆಯೇ ತಾಯಿಯ ಮುಖ ಓದಲು ಬರುತ್ತದೆ. ಗುಬ್ಬಿಯ ನಗು ನಿಂತಿತು. ಪಕ್ಕದವಳ ಕೈ ಬಿಟ್ಟಳು. ತುಟಿ ಬಿಗಿದು ಮುಂದಿನ ಮಗುವಿನ ಬೆನ್ನು ನೋಡುತ್ತಾ ನಿಂತಳು. ಅವಳ ಸರದಿ ಬಂತು. ಎತ್ತರದ ಸ್ಟೂಲಿನ ಮೇಲೆ ತಾನೇ ಹತ್ತಿ ಕುಳಿತಳು.

"ಆ ಅನ್ನು ಪುಟ್ಟಾ," ಅಂದರು ಡಾಕ್ಟರಮ್ಮ. ಗುಬ್ಬಿ ಒಂದು ಸಲ ಸಿಸ್ಟರಿನ ಕಡೆ ನೋಡಿ ಬಾಯಿ ತೆರೆದಳು.

"ಅಯ್ಯೋ ಕಂದಾ." ಡಾಕ್ಟರಮ್ಮನ ಕೈ ಅರೆಗಳಿಗೆ ನಿಂತಿತು. "ಬರ್ಕೋ ಸಿಸ್ಟರ್. ಮೇಲೆ ಮುಂದಿನ ನಾಲ್ಕೂ ಹುಳುಕು. ಎಡಗಡೆಯದರ ಮೇಲೆ ವಸಡಿನಲ್ಲಿ ಕೀವಿನ ಗುಳ್ಳೆ. ಇದು ಎಷ್ಟು ನೋಯ್ತಿರಬೇಕು. ಕೆಳಗೆ ನಡುವಿನದೊಂದು ಅಲ್ಲಾಡ್ತಿದೆ, ಅದು ಸರಿ."

ಸಿಸ್ಟರ್ ಬರೆದಳು. ಕೀವಿನ ಗುಳ್ಳೆ ಅವಳಿಗೆ ಗೊತ್ತಿರಲಿಲ್ಲ. ಮಗಳ ಮೊದಲ ಹಲ್ಲು ಅಲ್ಲಾಡುತ್ತಿರುವುದೂ ಗೊತ್ತಿರಲಿಲ್ಲ. ಆ ಬಾಯನ್ನು ಇಣುಕಿ ನೋಡುವುದನ್ನು ಅವಳು ಬಿಟ್ಟು ಎಷ್ಟೋ ತಿಂಗಳಾಗಿತ್ತು.

"ನೋವು ಬಂದ್ರೆ ಅಮ್ಮಂಗೆ ಹೇಳಲ್ವಾ ನೀನು?" ಡಾಕ್ಟರಮ್ಮ ಕೇಳಿದರು. "ಎಲ್ಲಿದಾರೆ ನಿಮ್ಮಮ್ಮ?"

ಗುಬ್ಬಿ ಮತ್ತೆ ಸಿಸ್ಟರಿನ ಮುಖ ನೋಡಿದಳು. ಅಲ್ಲಿ ಉತ್ತರ ಸಿಗಲಿಲ್ಲ. ಸಿಸ್ಟರ್ ಕಣ್ಣು ಕಾರ್ಡಿನ ಮೇಲೆ ನೆಟ್ಟಿದ್ದಳು. ಸ್ವಲ್ಪ ಹೊತ್ತು ಯೋಚಿಸಿ ಗುಬ್ಬಿ, "ಅಮ್ಮ ಇಲ್ಲ," ಅಂದಳು.

ಡಾಕ್ಟರಮ್ಮ ಸಾಲು ನಿಲ್ಲಿಸಿದ್ದ ಟೀಚರನ್ನು ನೋಡಿದರು. ಆಕೆ ಆ ವರ್ಷವಷ್ಟೇ ಸೇರಿದವಳು. ದನಿ ತಗ್ಗಿಸಿ, "ಹೌದೇನೋ ಮೇಡಂ. ಯಾವಾಗ್ಲೂ ಅಪ್ಪನೇ ಬರೋದು. ನಾವೂ ಕೇಳೋಕೆ ಹೋಗಿಲ್ಲ," ಅಂದಳು.

"ಅದೇ ಮತ್ತೆ. ತಾಯಿಯಿಲ್ಲದ ಮಗು." ಡಾಕ್ಟರಮ್ಮ ಗುಬ್ಬಿಯ ತಲೆ ನೇವರಿಸಿದರು. "ಕಾರ್ಡಿನಲ್ಲಿ ಬರ್ಕೋ ಸಿಸ್ಟರ್. ತಾಯಿ ಇಲ್ಲ. ಶನಿವಾರ ಕ್ಲಿನಿಕ್ಕಿಗೆ ಅವರಪ್ಪ ಕರ್ಕೊಂಡು ಬರ್ಲಿ, ಆ ಕೀವು ಕಟ್ಟಿದ ಹಲ್ಲು ತೆಗೀಲೇಬೇಕು."

ಈಗಲಾದರೂ ಹೇಳಬಹುದಿತ್ತು. ಒಂದೇ ಒಂದು ಮಾತು. ನೆಲ ಬಿರಿದು ನುಂಗಬಾರದೇ ಅನ್ನಿಸಿತು. ನೆಲ ಬಿರಿಯಲಿಲ್ಲ, ಪೆನ್ನು ಓಡಿತು. 'ತಾಯಿ ಇಲ್ಲ' ಎಂದು ತನ್ನ ಕೈಯಿಂದಲೇ, ತನ್ನ ಗುಂಡು ಅಕ್ಷರಗಳಲ್ಲಿ ಬರೆದಳು. ಸ್ಟೂಲಿನಿಂದ ಇಳಿದ ಗುಬ್ಬಿ ಹೋಗುವಾಗ ಹೇಳಿದಳು, "ಥ್ಯಾಂಕ್ಯೂ ಡಾಕ್ಟರ್. ಥ್ಯಾಂಕ್ಯೂ ಸಿಸ್ಟರ್."

ಸಂಜೆ ಮನೆಗೆ ಬಂದಾಗ ಗುಬ್ಬಿ ಬಾಗಿಲಿಗೇ ಓಡಿಬಂದು ಅವಳ ಕಾಲು ತಬ್ಬಿಕೊಂಡಳು. ಕೋಪವಿಲ್ಲ, ದುಃಖವಿಲ್ಲ. ಕಷ್ಟದ ಲೆಕ್ಕ ಬಿಡಿಸಿದವಳ ಹೆಮ್ಮೆ ಆ ಮುಖದಲ್ಲಿತ್ತು. "ಅಮ್ಮಾ, ನಾನು ಸರಿಯಾಗಿ ಹೇಳಿದ್ನಾ? ಯಾರಿಗೂ ಗೊತ್ತಾಗ್ಲಿಲ್ಲ ಅಲ್ವಾ?"

ಸಿಸ್ಟರ್ ಬಾಗಿಲ ಬಳಿಯೇ ಮಗಳ ಮುಖದ ಮಟ್ಟಕ್ಕೆ ಕುಳಿತಳು. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದಳು. ಶಭಾಸ್‌ಗಿರಿ ಕೇಳುತ್ತಾ ನಿಂತ ಮಗುವಿಗೆ ಏನು ಹೇಳುವುದು? "ಗುಳ್ಳೆ ನೋಯುತ್ತಾ?" ಎಂದಷ್ಟೇ ಕೇಳಿದಳು.

"ಊಟ ಮಾಡುವಾಗ ನೋಯುತ್ತೆ. ಈ ಕಡೆ ಅಗೀತೀನಿ."

"ನನಗೆ ಯಾಕೆ ಹೇಳ್ಲಿಲ್ಲ ಪುಟ್ಟಾ?"

"ಹಲ್ಲಿನ ವಿಷಯ ನಿಂಗೆ ಇಷ್ಟ ಆಗಲ್ಲ ಅಲ್ವಾ ಅಮ್ಮಾ," ಅಂದಳು ಗುಬ್ಬಿ.

ಗಂಡನಿಗೆ ಎಲ್ಲಾ ಹೇಳಿದಳು, ಒಂದನ್ನೂ ಮುಚ್ಚದೆ. ಅವನು ತನ್ನ ಬೆರಳಿನ ಮೊಳೆಗಾಯ ಉಜ್ಜಿಕೊಂಡ. ಆಮೇಲೆ, "ಶನಿವಾರ ನಾನು ಕರ್ಕೊಂಡು ಬರ್ತೀನಿ. ನೀನು ಅವಳಿಗೆ ಏನಾಗ್ಬೇಕು ಅನ್ನೋದನ್ನ ಡಾಕ್ಟರಮ್ಮಂಗೆ ನೀನೇ ಹೇಳ್ಕೋ. ನನ್ನ ಕೈಲಾಗಲ್ಲ," ಅಂದ. ಹನ್ನೆರಡು ವರ್ಷದ ಸಂಸಾರದಲ್ಲಿ ಅವನು ಅವಳೊಡನೆ ಅಷ್ಟು ತಣ್ಣಗೆ ಎಂದೂ ಮಾತಾಡಿರಲಿಲ್ಲ.

ಗುರುವಾರ, ಶುಕ್ರವಾರ ಎರಡು ದಿನ ಇದ್ದವು. ಎರಡೂ ದಿನ ಸಿಸ್ಟರ್ ಹೇಳಬೇಕೆಂದೇ ಮನೆಯಿಂದ ಹೊರಟಳು. ಗುರುವಾರ ಡಾಕ್ಟರಮ್ಮನ ಕೋಣೆಯ ಬಾಗಿಲವರೆಗೂ ಹೋದಳು. ಅವರು ತಲೆಯೆತ್ತಿ, "ಆ ತಾಯಿಯಿಲ್ಲದ ಮಗು ಕಣ್ಣಿಗೆ ಕಟ್ಟಿದ ಹಾಗಿದೆ ಕಣಮ್ಮ. ಎಷ್ಟು ಶಿಸ್ತು ನೋಡು, ಥ್ಯಾಂಕ್ಯೂ ಅಂತು. ಶನಿವಾರ ನೀನೇ ಹತ್ತಿರ ನಿಂತ್ಕೊಂಡು ಮುದ್ದಾಗಿ ಮಾತಾಡ್ಸು. ನಿನಗೂ ಅದೇ ವಯಸ್ಸಿನ ಮಗಳಿದಾಳಲ್ಲ, ನಿನಗೆ ಗೊತ್ತಾಗುತ್ತೆ," ಅಂದರು. ಸಿಸ್ಟರ್ ಹೂಂಗುಟ್ಟಿ ಸಲಕರಣೆಯ ಕೋಣೆಗೆ ಹೋಗಿ, ಆಗಲೇ ತೊಳೆದಿದ್ದ ಕನ್ನಡಿಗಳನ್ನು ಮತ್ತೊಮ್ಮೆ ತೊಳೆದಳು. ಶುಕ್ರವಾರ ಒಬ್ಬ ತಾಯಿ ಮಗುವನ್ನು ಕರೆತಂದು, ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ನಿಂತಳು. ಸಿಸ್ಟರ್ ಬೈಯದೆ ಕಾರ್ಡು ಬರೆದು ಒಳಗೆ ಕಳಿಸಿದಳು. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ, ಆದರೂ ದಿನವಿಡೀ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಶನಿವಾರ ಕಾಯುವ ಕೋಣೆ ತುಂಬಿತ್ತು. ಗುಬ್ಬಿ ಅಪ್ಪನ ಪಕ್ಕ ಕಾಲು ಜೋಡಿಸಿ ಕುಳಿತಿದ್ದಳು. ಸಿಸ್ಟರ್ ಹೊರಗೆ ಬಂದು ಕರೆದಾಗ ಎದ್ದು, ಗೊತ್ತಿಲ್ಲದವರ ಹಿಂದೆ ಹೋಗುವ ಹಾಗೆ ಮೂರಡಿ ದೂರದಲ್ಲಿ ನಡೆದುಬಂದಳು. ಗಂಡ ಒಳಗೆ ಬರಲಿಲ್ಲ.

ದೊಡ್ಡ ಕುರ್ಚಿಯಲ್ಲಿ ಗುಬ್ಬಿ ಅರ್ಧವೂ ತುಂಬಲಿಲ್ಲ. ಡಾಕ್ಟರಮ್ಮ ಕಥೆ ಹೇಳುತ್ತಾ ವಸಡಿಗೆ ಮರಗಟ್ಟುವ ಮುಲಾಮು ಹಚ್ಚಿದರು. ಸೂಜಿ ಕಂಡದ್ದೇ ಗುಬ್ಬಿಯ ಮೈ ಬಿಗಿಯಾಯಿತು.

"ಸಿಸ್ಟರ್, ಮಗೂ ಕೈ ಹಿಡ್ಕೋ."

ಹಿಡಿದುಕೊಂಡಳು. ಆ ಕೈ ತಣ್ಣಗಿತ್ತು. ಸೂಜಿ ಚುಚ್ಚಿದಾಗ ಗುಬ್ಬಿಯ ಕಣ್ಣಿಂದ ನೀರು ಕಿವಿಗಿಳಿಯಿತು. ಐದು ಬೆರಳಿನ ಉಗುರುಗಳೂ ತಾಯಿಯ ಅಂಗೈಯಲ್ಲಿ ನಾಟಿದವು. ನೋವು ಬಂದಾಗ ಯಾವ ಮಗುವಿಗಾದರೂ ಬಾಯಿಗೆ ಬರುವುದು ಒಂದೇ ಶಬ್ದ. ಗುಬ್ಬಿಯ ಬಾಯಿಗೂ ಅದು ಬಂತು. "ಅಮ್" ಎಂದು ಅರ್ಧಕ್ಕೆ ತಡೆದು, ನುಂಗಿ, ಬಿಕ್ಕುತ್ತಾ, "ಸಿಸ್ಟರ್... ಸಿಸ್ಟರ್..." ಎಂದಳು.

"ಅಮ್ಮಾ ಅನ್ನು," ಅಂದಳು ಸಿಸ್ಟರ್. "ಅಮ್ಮಾ ಅನ್ನು ಗುಬ್ಬೀ. ಸಾಕು. ಅಮ್ಮಾ ಅಂತ ಕೂಗು."

ಗುಬ್ಬಿ ಡಾಕ್ಟರಮ್ಮನನ್ನೊಮ್ಮೆ, ಅವಳನ್ನೊಮ್ಮೆ ನೋಡಿದಳು. ಇದೂ ಪರೀಕ್ಷೆಯೇನೋ ಎಂಬ ಅನುಮಾನ. ತುಟಿ ಬಿಗಿದುಕೊಂಡಳು.

ಡಾಕ್ಟರಮ್ಮ ಸಿರಿಂಜನ್ನು ತಟ್ಟೆಯಲ್ಲಿಟ್ಟರು. "ಏನಿದು?"

"ನನ್ನ ಮಗಳು ಡಾಕ್ಟರಮ್ಮ. ಅಜ್ಜಿ ಮನೆ ಎಲ್ಲಾ ಸುಳ್ಳು. ಬಾಟಲಿಗೆ ಸಕ್ಕರೆ ಹಾಕಿದ್ದು ನಾನು. ಶಾಲೇಲಿ ನಾನೇ ತಲೆಯಾಡಿಸಿದೆ, ಅದಕ್ಕೆ ಅವಳು ಹಾಗಂದಳು."

ಡಾಕ್ಟರಮ್ಮನ ಮುಖದ ಅರ್ಧ ಮುಖಗವಸಿನಲ್ಲಿ ಮುಚ್ಚಿತ್ತು. ಕಾಣುತ್ತಿದ್ದ ಕಣ್ಣುಗಳನ್ನು ನೋಡಲು ಸಿಸ್ಟರಿಗೆ ಧೈರ್ಯ ಬರಲಿಲ್ಲ. ಅವರು, "ಮೊದಲು ಹಲ್ಲು ತೆಗೆಯೋಣ," ಅಂದರು. ಇಕ್ಕಳ ಹಿಡಿದರು. ಎರಡು ನಿಮಿಷದ ಕೆಲಸ. ಸಿಸ್ಟರ್ ಹತ್ತಿ ಕೊಟ್ಟಳು, ನೀರು ಕೊಟ್ಟಳು, ಅಭ್ಯಾಸದ ಕೈ ತನ್ನ ಪಾಡಿಗೆ ಕೆಲಸ ಮಾಡಿತು. ಹತ್ತಿ ಕಚ್ಚಿಕೊಂಡ ಗುಬ್ಬಿಯನ್ನು ಅಪ್ಪನ ಬಳಿಗೆ ಕಳಿಸಿದ ಮೇಲೆ ಡಾಕ್ಟರಮ್ಮ ಕೈಗವಸು ಬಿಚ್ಚುತ್ತಾ ಹೇಳಿದರು.

"ಹುಳುಕು ಹಲ್ಲು ನಾನು ನಲವತ್ತು ವರ್ಷದಿಂದ ನೋಡ್ತಿದೀನಿ. ಅದಕ್ಕೆ ನಿನ್ನನ್ನ ಒಂದು ಮಾತೂ ಅಂತಿರಲಿಲ್ಲ. ಬೆಳಗಿಂದ ಸಂಜೇವರೆಗೆ ನಿನ್ನನ್ನ ಇಲ್ಲಿ ದುಡಿಸಿಕೊಂಡವಳು ನಾನೇ, ನನ್ನದೂ ಪಾಲಿದೆ. ಆದ್ರೆ ತಾಯಿಯಿಲ್ಲ ಅಂತ ಆ ಮಗು ಹೇಳ್ತು, ನೀನು ಪಕ್ಕದಲ್ಲೇ ಕೂತು ಬರ್ಕೊಂಡೆ." ಬಿಚ್ಚಿದ ಕೈಗವಸನ್ನು ಬುಟ್ಟಿಗೆ ಹಾಕಿ, "ಮುಂದಿನವರನ್ನ ಕರಿ," ಅಂದರು.

ಕೆಲಸದಿಂದ ತೆಗೆಯಲಿಲ್ಲ. ಆದರೆ ಎರಡು ಮೂರು ತಿಂಗಳು ಅವರ ಟೀ ಹೊತ್ತಿನ ಹರಟೆ ನಿಂತುಹೋಯಿತು. ಲೋಟ ಹಿಡಿದು ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದರು. ಅದು ತನಗೆ ಸಲ್ಲಬೇಕಾದದ್ದೇ ಎಂದು ಸಿಸ್ಟರ್ ತೆಪ್ಪಗಿದ್ದಳು. ಹಲ್ಲು ತೆಗೆಸಿದ ಶನಿವಾರ ಕಳೆದು ಸೋಮವಾರವೇ ಅರ್ಧ ದಿನ ರಜ ಕೇಳಿ ಗುಬ್ಬಿಯ ಶಾಲೆಗೆ ಹೋದಳು. ಟೀಚರಿನ ಮುಂದೆ ನಿಂತು, "ನಾನು ಅವಳ ತಾಯಿ," ಅಂದಳು. ಟೀಚರಿಗೆ ಗುರುತು ಸಿಕ್ಕಿತು. ಅವಳ ಕಿವಿ ಕೆಂಪಾಯಿತು. "ಓ" ಎಂದು ಮೇಜಿನ ಮೇಲಿನ ಪುಸ್ತಕಗಳನ್ನು ಸುಮ್ಮನೆ ಜೋಡಿಸತೊಡಗಿದಳು. ತಪ್ಪು ಮಾಡಿದವಳು ಒಬ್ಬಳು, ಎದುರಿಗೆ ನಾಚಿಕೊಂಡು ನಿಂತವಳು ಇನ್ನೊಬ್ಬಳು. ಅಷ್ಟು ಉದ್ದದ ಕಾರಿಡಾರಿನಲ್ಲಿ ವಾಪಸು ನಡೆಯುವಾಗ ಸಿಸ್ಟರಿಗೆ ಇಸ್ತ್ರಿ ಅಂಗಡಿಯ ಹೆಂಗಸಿನ ನೆನಪಾಯಿತು. ಸಂಜೆ ಅಂಗಡಿಯನ್ನು ಹುಡುಕಿಕೊಂಡು ಹೋದಳು. ಆ ಸಂಸಾರ ಮನೆ ಬದಲಿಸಿ ಆರು ತಿಂಗಳಾಯಿತು, ಎಲ್ಲಿಗೋ ಗೊತ್ತಿಲ್ಲ, ಅಂದರು ಪಕ್ಕದವರು. ಕೇಳಬೇಕಾದ ಕ್ಷಮೆ ಹಾಗೇ ಉಳಿಯಿತು.

ಗುಬ್ಬಿಯ ಮಿಕ್ಕ ಮೂರು ಹಲ್ಲುಗಳನ್ನು ಡಾಕ್ಟರಮ್ಮನೇ ನೋಡಿಕೊಂಡರು. ಕೆಳಗಿನದು ತಾನಾಗಿ ಬಿತ್ತು. ಇನ್ನೊಂದು ವರ್ಷದಲ್ಲಿ ಮೇಲೆ ಹೊಸ ಹಲ್ಲು ಮೂಡಿದವು, ಗರಗಸದಂಥ ಅಂಚಿನ, ಬಾಯಿಗೆ ದೊಡ್ಡವಾದ, ಬಿಳಿಯ ಹಲ್ಲುಗಳು. ಸಿಸ್ಟರ್ ಎಣಿಸಿ ಕಾದಿದ್ದ ದಿನ ಬಂದಿತ್ತು. ಯಾವ ಬಿಡುಗಡೆಯೂ ಆಗಲಿಲ್ಲ.

ಆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ತಾಯಿ ಮಗಳು ಬಸ್ಸಿನಲ್ಲಿ ಹೋಗುತ್ತಿದ್ದರು. ಎದುರಿನ ಸೀಟಿನ ವಯಸ್ಸಾದ ಹೆಂಗಸೊಬ್ಬರು ಗುಬ್ಬಿಯನ್ನು ನೋಡಿ, "ಎಷ್ಟನೇ ಕ್ಲಾಸು ಪುಟ್ಟಾ?" ಎಂದು ಕೇಳಿದರು.

ಗುಬ್ಬಿ ಬಾಯಿ ತೆರೆದಳು. ಆಮೇಲೆ ಮುಚ್ಚಿ, ತಿರುಗಿ ತಾಯಿಯ ಮುಖ ನೋಡಿದಳು. ಏನು ಹೇಳಲಿ ಎಂದು ಆ ಕಣ್ಣು ಕೇಳುತ್ತಿತ್ತು. ಈಚೆಗೆ ಯಾರು ಏನು ಕೇಳಿದರೂ ಅವಳು ಹೀಗೇ ಮಾಡುತ್ತಿದ್ದಳು, ಸಣ್ಣ ಮಾತಿಗೂ.

"ಇರೋದನ್ನ ಹೇಳು ಪುಟ್ಟಾ," ಅಂದಳು ಸಿಸ್ಟರ್, ಮೆಲ್ಲಗೆ.

"ಎರಡನೇ ಕ್ಲಾಸು," ಅಂದಳು ಗುಬ್ಬಿ. ತುಸು ತಡೆದು, ಯಾರೂ ಕೇಳದಿದ್ದರೂ, ಪಕ್ಕಕ್ಕೆ ಬೆರಳು ತೋರಿಸಿ ಸೇರಿಸಿದಳು, "ಇವರು ನಮ್ಮಮ್ಮ. ನಿಜವಾಗ್ಲೂ."

ಹೆಂಗಸು ನಕ್ಕರು. "ಅದನ್ನ ಬೇರೆ ಹೇಳ್ಬೇಕಾ? ಮೂಗು ನೋಡಿದ್ರೇ ಗೊತ್ತಾಗುತ್ತೆ."

ಸಿಸ್ಟರ್ ನಗಲು ನೋಡಿದಳು. ಆಗಲಿಲ್ಲ. ಮಗಳ ಕೈಯನ್ನು ಮಡಿಲಿಗೆಳೆದುಕೊಂಡು, ಇಳಿಯುವ ನಿಲ್ದಾಣ ಬರುವವರೆಗೆ ತಲೆ ತಗ್ಗಿಸಿ ಕುಳಿತಳು.